ಅಪ್ಪ ಬರುವವರೆಗೂ ಮಲಗದ ಹುಡುಗ

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

"ಮೇಡಂ, ಇವನು ಕ್ಲಾಸಲ್ಲೇ ನಿದ್ದೆ ಮಾಡ್ತಾನಂತೆ. ಮನೇಲಿ ಮೊಬೈಲು, ಸ್ಕೂಲಲ್ಲಿ ತೂಕಡಿಕೆ. ಮೈ ನೋಡಿ ಹೇಗೆ ಬಂದಿದೆ!" ಕೂರುವ ಮೊದಲೇ ತಾಯಿ ಶುರು ಮಾಡಿದರು. ಜೊತೆಗಿದ್ದ ಮಗನಿಗೆ 12 ವರ್ಷ, ಏಳನೇ ಕ್ಲಾಸು. ಕಿಶೋರ ಎಂದಿಟ್ಟುಕೊಳ್ಳೋಣ. ಸ್ಕೂಲ್ ಬ್ಯಾಗನ್ನು ತೊಡೆ ಮೇಲಿಟ್ಟು ಹೊಟ್ಟೆಗೆ ಒತ್ತಿ ಹಿಡಿದಿದ್ದ. ಕೆಳಗಿಡು ಅಂದರೂ ಇಡಲಿಲ್ಲ.

ಮಗುವಿನ ಎದುರಲ್ಲೇ ಅದರ ಮೈ ಬಗ್ಗೆ ಮಾತಾಡುವುದು ನನಗೆ ಸಂಕಟ. ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿ, ಅವನ ಒಂದು ದಿನ ಹೇಗೆ ಕಳೆಯುತ್ತದೆ ಎಂದು ಕೇಳುತ್ತಾ ಹೋದೆ. ಬೆಳಗ್ಗೆ 6ಕ್ಕೆ ಏಳಬೇಕು, 7.15ಕ್ಕೆ ವ್ಯಾನು. ಸಂಜೆ ಟ್ಯೂಷನ್ ಮುಗಿಸಿ ಮನೆ ಸೇರುವಾಗ 7. ವಾರಕ್ಕೆ ಎರಡು ಪಿಟಿ ಪೀರಿಯಡ್. ಒಂದನ್ನು ಗಣಿತಕ್ಕೆ ತಗೊಳ್ತಾರೆ. ಇನ್ನೊಂದರಲ್ಲಿ ಇವನೇ ಹೊಟ್ಟೆನೋವು ಎಂದು ಹೇಳಿ ಮರದ ಕೆಳಗೆ ಕೂರುತ್ತಾನೆ. "ಕಬಡ್ಡಿಗೆ ಟೀಮ್ ಆರಿಸುವಾಗ ಕೊನೇಲಿ ಉಳಿಯೋದು ನಾನೇ ಆಂಟಿ."

ಮಲಗೋದು ಎಷ್ಟೊತ್ತಿಗೆ ಅಂದೆ. ಹನ್ನೆರಡು ಅಂದ. ಅಲ್ಲೀವರೆಗೆ ಏನು ಮಾಡ್ತೀಯಾ ಅಂದರೆ, "ಅಪ್ಪ ಬರಬೇಕಲ್ಲ" ಅಂದ.

ಅಪ್ಪನದು ಹಾರ್ಡ್‌ವೇರ್ ಅಂಗಡಿ. ಬಾಗಿಲು ಹಾಕಿ ಮನೆಗೆ ಬರುವಾಗ ಹತ್ತೂವರೆ. ಬರುವಾಗ ಮಗನಿಗೆಂದು ಬೇಕರಿಯಿಂದ ಎಗ್ ಪಫ್ಸೋ ಖಾರಾ ಬನ್ನೋ ಹಿಡಿದು ಬರುತ್ತಾರೆ. ಇಬ್ಬರೂ ಕೂತು ತಿಂದು, ಮಾತಾಡಿ ಮಲಗುತ್ತಾರೆ. ದಿನದಲ್ಲಿ ಇವರಿಬ್ಬರೂ ಒಟ್ಟಿಗೆ ಇರುವುದು ಅಷ್ಟೇ ಹೊತ್ತು. ಮೊಬೈಲು ಬರೀ ಕಾಯುವ ಹೊತ್ತು ಕಳೆಯೋದಕ್ಕೆ. ಅದನ್ನು ಕಿತ್ತುಕೊಂಡಿದ್ದರೂ ಇವನು ಮಲಗುತ್ತಿರಲಿಲ್ಲ.

ತಾಯಿ ಒಳಗೆ ಬಂದ ಮೇಲೆ ಇನ್ನೆರಡು ವಿಷಯ ಗೊತ್ತಾಯಿತು. ತೂಕ ಇಳಿಯಲಿ ಎಂದು ರಾತ್ರಿ ಅನ್ನ ಬಿಡಿಸಿದ್ದರು. ಸಂಜೆ ಎರಡೇ ಚಪಾತಿ. ಮತ್ತೆ, "ಕತ್ತು ನೋಡಿ ಮೇಡಂ, ಎಷ್ಟು ಕಪ್ಪಾಗಿದೆ. ಕಡಲೆಹಿಟ್ಟು ಹಾಕಿ ಉಜ್ಜಿದರೂ ಹೋಗ್ತಿಲ್ಲ." ಹಿಂಗತ್ತಿನ ಚರ್ಮ ದಪ್ಪಗೆ, ಮಾಸಲು ಮಖಮಲ್ಲಿನ ಹಾಗೆ ಕಾಣುತ್ತಿತ್ತು. ಉಜ್ಜಿದ ಕಡೆ ಕೆಂಪು ಗೀರು. ಅದು ಕೊಳೆ ಅಲ್ಲ, ದಯವಿಟ್ಟು ಉಜ್ಜಬೇಡಿ ಅಂದೆ. ತೂಕ ಜಾಸ್ತಿ ಇರುವ ಮಕ್ಕಳಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಚರ್ಮ ಹೀಗಾಗುವುದುಂಟು. ಗೊರಕೆಯೂ ಇದೆ ಅಂದರು. ಎರಡನ್ನೂ ಮಕ್ಕಳ ಡಾಕ್ಟರಿಗೆ ತೋರಿಸಲು ಬರೆದುಕೊಟ್ಟೆ. ಗೊರಕೆ ಹೊಡೆಯುವ ಮಗುವಿಗೆ ಹಾಸಿಗೆಯಲ್ಲಿ ಎಂಟು ಗಂಟೆ ಕಳೆದರೂ ನಿದ್ದೆ ಸಾಲದೇ ಹೋಗಬಹುದು.

ನಾನು ಮೊದಲು ಹಿಡಿದದ್ದು ನಿದ್ದೆಯನ್ನೇ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಇವನಿಗೆ ಸಿಗುತ್ತಿದ್ದದ್ದು ಆರು. ನಿದ್ದೆಗೆಟ್ಟ ಮೈ ಹೆಚ್ಚು ಹಸಿವು ಹುಟ್ಟಿಸುತ್ತದೆ, ಅದೂ ಕರಿದದ್ದು, ಸಿಹಿ ಇಂಥದ್ದಕ್ಕೇ. ಅದರ ಮೇಲೆ ಅರೆಹೊಟ್ಟೆ ಬೇರೆ. ಪಫ್ಸ್ ಕಂಡರೆ ಬಿಡುತ್ತಾನಾ?

ರಾತ್ರಿ 8ಕ್ಕೆ ಅನ್ನ, ಸಾರು, ಪಲ್ಯ, ಹೊಟ್ಟೆ ತುಂಬಾ ಹಾಕಿ ಅಂದೆ. ಬೆಳೆಯುವ ಮಗುವಿಗೆ ಪಥ್ಯ ಬೇಡ. ಮಲಗುವ ಹೊತ್ತನ್ನು ಒಂದೇ ದಿನಕ್ಕೆ ಹನ್ನೆರಡರಿಂದ ಒಂಬತ್ತಕ್ಕೆ ಎಳೆದರೆ ಸುಮ್ನೆ ಹೊರಳಾಡುತ್ತಾನೆ. ಮೂರು ದಿನಕ್ಕೊಮ್ಮೆ ಕಾಲು ಗಂಟೆ ಹಿಂದೆ ತನ್ನಿ. ಮೊಬೈಲು ರಾತ್ರಿ ಹಾಲ್‌ನಲ್ಲೇ ಚಾರ್ಜ್‌ಗೆ ಇರಲಿ, ದೊಡ್ಡವರದ್ದೂ ಸೇರಿ.

ಅಪ್ಪನ ಹೊತ್ತನ್ನು ಮಾತ್ರ ಕಿತ್ತುಕೊಳ್ಳುವಂತಿರಲಿಲ್ಲ. ಮೆಟ್ಟಿಲ ಕೆಳಗೆ ಪಂಕ್ಚರಾದ ಸೈಕಲ್ಲೊಂದು ಇದೆಯಂತೆ. ಅಂಗಡಿ ಒಂದೂವರೆ ಕಿಲೋಮೀಟರ್. ಟ್ಯೂಷನ್ನನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿ, ಉಳಿದ ದಿನ ಸಂಜೆ ಸೈಕಲ್ಲಲ್ಲಿ ಅಂಗಡಿಗೆ ಕಳಿಸಿ ಅಂದೆ. ಶಾಲಾ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಏದುಸಿರು ಬರುವಷ್ಟು ಆಡಬೇಕು, ಓಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದನ್ನು ಒಂದೇ ಸಲಕ್ಕೆ ಮುಗಿಸಬೇಕೆಂದಿಲ್ಲ. ಟ್ಯೂಷನ್ ಬಿಡಿಸೋಕೆ ತಾಯಿ ಸುಲಭಕ್ಕೆ ಒಪ್ಪಲಿಲ್ಲ. ಫೋನಿನಲ್ಲಿ ಅಪ್ಪ ಒಪ್ಪಿದರು.

ಆರು ವಾರದ ನಂತರ ಬಂದಾಗ ತೂಕ ಹೆಚ್ಚೇನೂ ಬದಲಾಗಿರಲಿಲ್ಲ. ರಕ್ತದಲ್ಲಿ ಸಕ್ಕರೆ ಮಿತಿಯಲ್ಲೇ ಇದೆ, ಆದರೂ ಆರು ತಿಂಗಳಿಗೆ ಮತ್ತೆ ನೋಡೋಣ ಎಂದಿದ್ದಾರಂತೆ ಡಾಕ್ಟರು. ಕ್ಲಾಸಿನ ತೂಕಡಿಕೆ ನಿಂತಿದೆ, ಮಲಗುವುದು ಒಂಬತ್ತೂವರೆ ಒಳಗೆ. ಅಂಗಡಿಯಲ್ಲಿ ಮೊಳೆ ತೂಗಿಕೊಡುವ ಕೆಲಸ ತನ್ನದೇ ಎಂದು ಹೇಳಿದ. ಪಿಟಿ ಪೀರಿಯಡ್ಡಿನಲ್ಲಿ ಇನ್ನೂ ಮರದ ಕೆಳಗೇ ಕೂರುತ್ತಾನೆ. ಟೀಮನ್ನು ಮಕ್ಕಳ ಕೈಲಿ ಆರಿಸದೆ ನಂಬರ್ ಎಣಿಸಿ ಮಾಡಿ ಎಂದು ಕೇಳೋಕೆ ಮುಂದಿನ ವಾರ ಪಿಟಿ ಮೇಷ್ಟ್ರನ್ನು ನೋಡಬೇಕು.