ಓದುಗರ ಪ್ರಶ್ನೆ, ನಮ್ಮ ಉತ್ತರ: ರೇಷನ್ ಅಕ್ಕಿಯ ತೇಲುವ ಕಾಳು ಮತ್ತು ಸಾರವರ್ಧಿತ ಆಹಾರ

ಪ್ರಶ್ನೆ: ನ್ಯಾಯಬೆಲೆ ಅಂಗಡಿಯಿಂದ ತಂದ ಅಕ್ಕಿಯಲ್ಲಿ ಕೆಲವು ಕಾಳುಗಳ ಬಣ್ಣವೇ ಬೇರೆ, ತೊಳೆಯುವಾಗ ತೇಲುತ್ತವೆ. ಪ್ಲಾಸ್ಟಿಕ್ ಅಕ್ಕಿ ಎಂದು ಅಕ್ಕಪಕ್ಕದವರು ಹೇಳಿದ್ದರಿಂದ ಆರಿಸಿ ಎಸೆಯುತ್ತಿದ್ದೇನೆ. ಇದು ಸರಿಯೆ?
– ಗೃಹಿಣಿ, ಲಗ್ಗೆರೆ

ಉತ್ತರ: ದಯವಿಟ್ಟು ಎಸೆಯಬೇಡಿ. ಅವು ಪ್ಲಾಸ್ಟಿಕ್ ಅಲ್ಲ, ಸಾರವರ್ಧಿತ, ಅಂದರೆ ಪೋಷಕಾಂಶ ಸೇರಿಸಿದ ಕಾಳುಗಳು. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ ಮತ್ತು ಬಿ-12 ಜೀವಸತ್ವಗಳ ಮಿಶ್ರಣವನ್ನು ಸೇರಿಸಿ ನಾದಿ, ಶಾವಿಗೆ ಒತ್ತುವಂತೆ ಯಂತ್ರದ ಅಚ್ಚಿನಿಂದ ಅಕ್ಕಿಯ ಆಕಾರದಲ್ಲಿಯೇ ಹೊರತೆಗೆದು ಒಣಗಿಸುತ್ತಾರೆ. ಸೇರಿಸುವ ಆ ಮಿಶ್ರಣಕ್ಕೆ ಗಿರಣಿಯವರು ‘ಪ್ರೀಮಿಕ್ಸ್’ ಎನ್ನುತ್ತಾರೆ. ಸಾಮಾನ್ಯವಾಗಿ 100 ಕೆ.ಜಿ. ಅಕ್ಕಿಗೆ ಇಂಥ ಕಾಳು 1 ಕೆ.ಜಿ.ಯಷ್ಟು ಬೆರೆಯುತ್ತದೆ. ಹಿಟ್ಟಿನಿಂದ ಮರುರೂಪ ಪಡೆದ ಕಾಳಾದ್ದರಿಂದ ಅದರ ಬಣ್ಣ ತುಸು ಬೇರೆಯಾಗಿರಬಹುದು, ಕೆಲವು ಹಗುರವಾಗಿ ತೇಲಲೂಬಹುದು.

ನೂರರಲ್ಲಿ ಒಂದು ಪಾಲಿನ ಆ ಕಾಳನ್ನು ಆರಿಸಿ ತೆಗೆದರೆ, ಸರ್ಕಾರ ಬೆರೆಸಿ ಕೊಟ್ಟ ಪೋಷಕಾಂಶವನ್ನೆಲ್ಲ ತೆಗೆದಂತೆಯೇ ಆಯಿತು. ಬೆರೆತ ಅಕ್ಕಿಯ ಪ್ರತಿ ಕಿಲೋದಲ್ಲಿ 28ರಿಂದ 42.5 ಮಿಲಿಗ್ರಾಂ ಕಬ್ಬಿಣಾಂಶವಿರಬೇಕೆಂಬುದು ನಿಯಮ. ದಿನಕ್ಕೆ 200 ಗ್ರಾಂ ಅಕ್ಕಿಯ ಅನ್ನ ಉಣ್ಣುವ ಮಹಿಳೆಗೆ ಇದರಿಂದ ಸುಮಾರು 5.6ರಿಂದ 8.5 ಮಿಲಿಗ್ರಾಂ ದೊರೆಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಮಹಿಳೆಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ. ಹಾಗಾಗಿ ಈ ಅಕ್ಕಿ ಕೊರತೆಯ ಒಂದು ಪಾಲನ್ನಷ್ಟೇ ತುಂಬುತ್ತದೆ. ಸೊಪ್ಪು, ಬೇಳೆಕಾಳು, ಮೊಟ್ಟೆಗಳ ಜಾಗಕ್ಕೆ ಅದು ಬರಲಾರದು. ಇವು ಸಾರವರ್ಧಿತ ಕಾಳುಗಳೆಂಬ ಮಾತನ್ನು ಅಂಗಡಿಯಲ್ಲಿ ಅಕ್ಕಿ ಕೊಡುವಾಗಲೇ ಜನರಿಗೆ ತಿಳಿಸಿ ಹೇಳಿದ್ದರೆ ಪ್ಲಾಸ್ಟಿಕ್ಕಿನ ಭಯ ಇಷ್ಟು ಹರಡುತ್ತಿರಲಿಲ್ಲ ಎಂದು ನನಗೆ ಬಲವಾಗಿ ಅನಿಸುತ್ತದೆ. ಅಂದಹಾಗೆ, ಹೆಚ್ಚು ನೀರಿಟ್ಟು ಬೇಯಿಸಿ ಗಂಜಿ ಬಸಿದು ಚೆಲ್ಲುವ ರೂಢಿಯಿದ್ದರೆ ಬಿಡಿ, ಅದರೊಂದಿಗೆ ಪೋಷಕಾಂಶವೂ ಹೋಗುತ್ತದೆ. ಅನ್ನ ಹೀರುವಷ್ಟೇ ನೀರು ಇಡಿ.

ಪ್ರಶ್ನೆ: ಎಣ್ಣೆಯ ಪ್ಯಾಕೆಟ್ ಮೇಲೆ ‘ಪ್ಲಸ್ ಎಫ್’ ಎಂಬ ನೀಲಿ ಗುರುತಿದೆ. ಇದು ಜಾಹೀರಾತೆ?
– ನಿವೃತ್ತ ನೌಕರರು, ಮಲ್ಲೇಶ್ವರ

ಉತ್ತರ: ಅಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಾವಳಿಯಂತೆ ಸಾರವರ್ಧನೆ ಮಾಡಿದ ಆಹಾರಕ್ಕೆ ಹಾಕುವ ಗುರುತು ಅದು. ಎಣ್ಣೆ ಮತ್ತು ಹಾಲಿಗೆ ಎ ಮತ್ತು ಡಿ ಜೀವಸತ್ವಗಳನ್ನು ಸೇರಿಸುತ್ತಾರೆ. ಇವೆರಡೂ ಕೊಬ್ಬಿನಲ್ಲಿ ಕರಗುವಂಥವು.

ಪ್ರಶ್ನೆ: ನನ್ನ ಮಗಳು ಸೊಪ್ಪು, ರಾಗಿ ಎರಡನ್ನೂ ಚೆನ್ನಾಗಿ ತಿನ್ನುತ್ತಾಳೆ, ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆಯನ್ನೂ ಕೊಡುತ್ತಾರೆ. ಆದರೂ ರಕ್ತಹೀನತೆ ಏಕೆ?
– ಓದುಗರು, ಕೆಂಗೇರಿ

ಉತ್ತರ: ತಟ್ಟೆಯಲ್ಲಿರುವ ಕಬ್ಬಿಣಾಂಶವೆಲ್ಲ ರಕ್ತಕ್ಕೆ ಸೇರುವುದಿಲ್ಲ. ಕರುಳು ಹೀರಿಕೊಂಡು ದೇಹ ಬಳಸಿಕೊಳ್ಳಬಲ್ಲ ಪಾಲಿಗೆ ‘ಜೈವಿಕ ಲಭ್ಯತೆ’ ಎನ್ನುತ್ತಾರೆ, ಮತ್ತು ಸಸ್ಯಾಹಾರದಲ್ಲಿ ಆ ಪಾಲು ಕಡಿಮೆ. ಧಾನ್ಯಗಳಲ್ಲಿರುವ ಫೈಟೇಟ್, ಕಾಫಿ–ಚಹಾಗಳಲ್ಲಿರುವ ಪಾಲಿಫೀನಾಲ್‌ಗಳು ಕಬ್ಬಿಣವನ್ನು ಕಟ್ಟಿಹಾಕುತ್ತವೆ. ನಮ್ಮ ಊರಿನಲ್ಲಿ ತಿಂಡಿಯ ಜೊತೆಗೇ ಕಾಫಿ ಕುಡಿಯುವ ಅಭ್ಯಾಸ ಎಷ್ಟು ಗಟ್ಟಿಯೆಂಬುದು ಯಾವ ದರ್ಶಿನಿಗೆ ಹೋದರೂ ಕಾಣುತ್ತದೆ. ಅದನ್ನು ಒಂದೆರಡು ಗಂಟೆ ಆಚೆಗೆ ತಳ್ಳುವುದು ಒಳ್ಳೆಯದು. ನಿಂಬೆ, ನೆಲ್ಲಿ, ಸೀಬೆಗಳಲ್ಲಿರುವ ಸಿ ಜೀವಸತ್ವ ಹೀರುವಿಕೆಗೆ ನೆರವಾಗುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ ಹುರಿಹಿಟ್ಟು ಮಾಡಿದರೆ ಫೈಟೇಟ್ ತಗ್ಗುತ್ತದೆ.

ಮಾತ್ರೆ ಕೊಡುವುದು ‘ಪೂರಕ’ ಕ್ರಮ. ಆ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವೂ 500 ಮೈಕ್ರೊಗ್ರಾಂ ಫೋಲಿಕ್ ಆಮ್ಲವೂ ಇರುತ್ತವೆ. ಅದು ತಡೆಗಟ್ಟುವ ಪ್ರಮಾಣ. ರಕ್ತಹೀನತೆ ಬಂದಾಗಿದ್ದರೆ ಚಿಕಿತ್ಸೆಯ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ಕೊಕ್ಕೆಹುಳು, ಅತಿಯಾದ ಮುಟ್ಟಿನ ಸ್ರಾವ, ಬಿ-12 ಕೊರತೆಯೂ ಕಾರಣವಾಗಬಹುದಾದ್ದರಿಂದ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಅಯೋಡಿನ್ ಉಪ್ಪು ಬಿಟ್ಟು ಸೈಂಧವ ಲವಣ ಬಳಸಬಹುದೆ?
– ಓದುಗರು, ಜಯನಗರ

ಉತ್ತರ: ಅಡುಗೆಗೆ ಅದೊಂದನ್ನೇ ಬಳಸಬೇಡಿ, ಅದರಲ್ಲೂ ಮನೆಯಲ್ಲಿ ಗರ್ಭಿಣಿಯರಿದ್ದರೆ. ಗರ್ಭದಲ್ಲಿನ ಮಗುವಿನ ಮಿದುಳಿನ ಬೆಳವಣಿಗೆಗೆ ಅಯೋಡಿನ್ ಬೇಕೇ ಬೇಕು. ಗಳಗಂಡವನ್ನು ತಡೆಯಲು 1962ರಲ್ಲಿ ದೇಶ ಕೈಗೊಂಡ ಕಾರ್ಯಕ್ರಮದ ಜೀವಾಳವೇ ಅಯೋಡಿನ್ ಉಪ್ಪು. ಗ್ರಾಹಕರ ಕೈ ಸೇರುವಾಗ ಅದರಲ್ಲಿ ಹತ್ತು ಲಕ್ಷಕ್ಕೆ ಕನಿಷ್ಠ 15 ಪಾಲು ಅಯೋಡಿನ್ ಇರಬೇಕು. ಮುಚ್ಚಳ ಬಿಗಿದ ಡಬ್ಬಿಯಲ್ಲಿಡಿ, ಒಲೆಯ ಪಕ್ಕ ಬೇಡ.

ಪ್ರಶ್ನೆ: ನಮ್ಮ ಮನೆಯಲ್ಲಿ ಥಲಸ್ಸೇಮಿಯಾ ಇರುವ ಮಗುವಿದೆ. ರೇಷನ್ ಅಕ್ಕಿ ಕೊಡಬಹುದೆ?
– ತಂದೆ, ಪೀಣ್ಯ

ಉತ್ತರ: ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯಿಂದಾಗಿ ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಮಕ್ಕಳ ದೇಹದಲ್ಲಿ ಆ ರಕ್ತದಿಂದಲೇ ಕಬ್ಬಿಣ ಶೇಖರವಾಗುತ್ತಿರುತ್ತದೆ. ಅದಕ್ಕೆ ಹೋಲಿಸಿದರೆ ಅನ್ನದಿಂದ ಬರುವ ಪ್ರಮಾಣ ಚಿಕ್ಕದು. ಆದರೂ ನೀವಾಗಿಯೇ ತೀರ್ಮಾನಿಸಬೇಡಿ. ಮಗುವಿಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ಮನೆಯಲ್ಲಿ ಬಳಸುವ ಅಕ್ಕಿಯ ವಿಷಯ ತಿಳಿಸಿ, ದೇಹದಲ್ಲಿ ಶೇಖರವಾದ ಕಬ್ಬಿಣವನ್ನು ಅಂದಾಜಿಸುವ ಫೆರಿಟಿನ್ ಪರೀಕ್ಷೆಯ ಮುಂದಿನ ವರದಿ ಇಟ್ಟುಕೊಂಡು ಕೇಳಿ. ವೈದ್ಯರು ಹೇಳದೆ ಕಬ್ಬಿಣಾಂಶದ ಮಾತ್ರೆಯನ್ನಂತೂ ಕೊಡಲೇಬಾರದು.