ಹಡಗು ಬೇಕೋ, ಹಡಗಿನ ವ್ಯವಹಾರ ಬೇಕೋ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಈ ಕುಟುಂಬದ ಮುಂದಿದ್ದ ಮೂರು ಕಾಲೇಜುಗಳ ಹೆಸರು ಬಿಟ್ಟಿದ್ದೇನೆ.)

18 ವರ್ಷದ ಹುಡುಗ, ತಾಯಿಯ ಜೊತೆ ಬಂದಿದ್ದ. ಮಾತು ಶುರು ಮಾಡಿದ್ದು ತಾಯಿ. ಹಡಗು ವ್ಯವಹಾರ ಕಲಿಸುವ ಮ್ಯಾರಿಟೈಮ್ ಬಿಸಿನೆಸ್ ಪದವಿಗೆ ಮೂರು ಕಡೆ ಸೀಟು ಸಿಕ್ಕಿದೆ, ಯಾವುದಕ್ಕೆ ಸೇರಿಸೋಣ ಎಂಬುದಷ್ಟೇ ಅವರ ಪ್ರಶ್ನೆ. ಮೊದಲನೆಯದು ಸಮವಸ್ತ್ರ, ಕವಾಯತು, ತರಬೇತಿ ಹಡಗು ಎಲ್ಲ ಇರುವ ಕಡಲ ಅಕಾಡೆಮಿ. ಎರಡನೆಯದು ದೊಡ್ಡ ಬಂದರು ನಗರದ ವಿಶ್ವವಿದ್ಯಾಲಯ; ಅಲ್ಲಿ ಈ ಕೋರ್ಸು ವಾಣಿಜ್ಯ ವಿಭಾಗದ ಒಳಗೇ ಇದೆ. ಮೂರನೆಯದು ಕಡಲಿನಿಂದ ದೂರದ ಕಾಲೇಜು. ಓದುವುದು ಮಾಮೂಲಿ ಬಿಬಿಎ, ಕೊನೆಯ ವರ್ಷದಲ್ಲಿ ಶಿಪ್ಪಿಂಗ್ ಬಗ್ಗೆ ಎರಡು ಪತ್ರಿಕೆ. ಹುಡುಗನಿಗೆ ಮೊದಲನೆಯದೇ ಆಗಬೇಕು. ಅವತ್ತು ಬಾರದಿದ್ದ ತಂದೆಗೆ ಮೂರನೆಯದು, ಶುಲ್ಕ ಕಡಿಮೆ ಎಂಬ ಕಾರಣಕ್ಕೆ.

ಅಕಾಡೆಮಿಯೇ ಯಾಕೆ ಎಂದು ಕೇಳಿದೆ. ತರಬೇತಿ ಹಡಗಿನ ಉದ್ದದಿಂದ ಹಿಡಿದು ಸಿಮ್ಯುಲೇಟರ್ ಕೋಣೆಯ ತನಕ ಹೇಳುತ್ತಲೇ ಹೋದ. ಓದಬೇಕಾದ ವಿಷಯಗಳ ಮಾತು ಒಮ್ಮೆಯೂ ಬರಲಿಲ್ಲ. "ಇದಕ್ಕೂ ಮೊದಲು ಏನಾಗಬೇಕು ಅಂತಿದ್ದೆ?" ಎಂದೆ.

"ಡೆಕ್ ಆಫೀಸರ್, ಮೇಡಂ. ಮೆಡಿಕಲ್‌ನಲ್ಲಿ ಹೋಯ್ತು. ಕೆಂಪು, ಹಸಿರು ಸರಿಯಾಗಿ ಗೊತ್ತಾಗಲ್ಲ ಅಂದರು."

ಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿ ಓದಿಸುವ ಇಶಿಹಾರಾ ಪರೀಕ್ಷೆ ಅದು. ರಾತ್ರಿ ಎದುರಿನ ಹಡಗು ಎತ್ತ ಸಾಗುತ್ತಿದೆ ಎಂದು ತಿಳಿಯುವುದು ಅದರ ಎಡಬದಿಯ ಕೆಂಪು ದೀಪ, ಬಲಬದಿಯ ಹಸಿರು ದೀಪದಿಂದ. ಹಾಗಾಗಿ ನಾವಿಕರ ತರಬೇತಿ ಮತ್ತು ಪ್ರಮಾಣಪತ್ರಗಳ 1978ರ ಅಂತರರಾಷ್ಟ್ರೀಯ ಒಪ್ಪಂದ, ಅಂದರೆ ಎಸ್‌ಟಿಸಿಡಬ್ಲ್ಯೂ, ವಾಚ್, ಅಂದರೆ ಹಡಗು ಸಾಗುವಾಗಿನ ನಿಗಾ ಪಾಳಿ, ನೋಡಿಕೊಳ್ಳುವ ಡೆಕ್ ಅಧಿಕಾರಿಗೆ ಬಣ್ಣದ ದೃಷ್ಟಿ ಸರಿಯಿರಬೇಕೆಂದು ವಿಧಿಸುತ್ತದೆ. ಕಡಿಮೆ ಅಂಕ ಬಂದಿದ್ದರೆ ಮುಂದಿನ ವರ್ಷ ಮತ್ತೆ ಬರೆಯಬಹುದಿತ್ತು. ಇದು ಹುಟ್ಟಿನಿಂದ ಬಂದದ್ದು. ಆ ಫಲಿತಾಂಶ ಬಂದ ಮೇಲೆ ಮನೆಯಲ್ಲಿ ಯಾರೂ ಅದರ ಮಾತೆತ್ತಿರಲಿಲ್ಲ. "ಸಮುದ್ರದ್ದೇ ಇನ್ನೊಂದು ಕೋರ್ಸ್ ಇದೆಯಲ್ಲ" ಎಂದು ತಾಯಿ ಹುಡುಕಿ ತಂದದ್ದೇ ಈ ಪದವಿ.

ಕಾಲೇಜಿನ ಆಯ್ಕೆ ಎಂದು ಬರುವ ಎಷ್ಟೋ ಪ್ರಕರಣಗಳ ಅಡಿಯಲ್ಲಿ ಹೀಗೆ ಬಾಯಿಬಿಟ್ಟು ಹೇಳದ ನಷ್ಟವೊಂದು ಇರುತ್ತದೆ. ಕಳೆದುಹೋದದ್ದಕ್ಕೆ ಯಾವ ಕಾಲೇಜು ಹೆಚ್ಚು ಹೋಲುತ್ತದೋ ಅದನ್ನೇ ಈ ಹುಡುಗ ಆರಿಸಿಕೊಂಡಿದ್ದ. ನಾನು ಸುತ್ತಿ ಬಳಸದೆ ಹೇಳಿದೆ: "ಅಲ್ಲಿ ನಿನ್ನ ಪಕ್ಕದ ಹಾಸಿಗೆಯವನು ಸಮುದ್ರಯಾನಕ್ಕೆ ಹೊರಡುವ ದಿನ ನೀನು ಲೆಕ್ಕಶಾಸ್ತ್ರದ ತರಗತಿಗೆ ಹೋಗ್ತಿರ್ತೀಯ. ಕೊನೆಗೆ ಅವನ ಕೈಗೆ ಆಫೀಸರ್ ಪ್ರಮಾಣಪತ್ರ ಬರುತ್ತೆ, ನಿನಗೆ ಬರಲ್ಲ. ದಿನಾ ಅದನ್ನ ನೋಡ್ಕೊಂಡು ಇರೋಕೆ ಆಗುತ್ತಾ?" ಅವನು ಸುಮ್ಮನಾದ. ತಾಯಿಗೆ ನನ್ನ ಮಾತು ಕಟುವೆನಿಸಿತು, ಮುಖದಲ್ಲೇ ಗೊತ್ತಾಯಿತು. ಆದರೆ ಆ ಮಾತನ್ನು ಮೊದಲ ಸೆಮಿಸ್ಟರಿನ ಹಾಸ್ಟೆಲ್ ಕೋಣೆಯಲ್ಲಿ ಒಬ್ಬನೇ ಕಂಡುಕೊಳ್ಳುವುದಕ್ಕಿಂತ ಇಲ್ಲಿ ಕೇಳುವುದು ವಾಸಿ.

ತಾಯಿಯ ಮನಸ್ಸಿನಲ್ಲೂ ಒಂದು ಆಸೆ ಉಳಿದಿತ್ತು. "ಇದನ್ನ ಓದಿದ್ರೆ ಮುಂದೆ ಹೇಗಾದ್ರೂ ಹಡಗಿಗೆ ಹೋಗಬಹುದಾ ಮೇಡಂ?" ಇಲ್ಲ. ಈ ಪದವಿ ಹಡಗು ನಡೆಸುವ ಅರ್ಹತೆ ಕೊಡುವುದಿಲ್ಲ. ಅಷ್ಟೇ ಅಲ್ಲ, ದಡದ ಮೇಲಿನ ಕೆಲವು ಹುದ್ದೆಗಳಿಗೂ ಕಡಲ ಅನುಭವ ಬೇಕು: ಹಡಗನ್ನು ಬಂದರಿನೊಳಗೆ ನಡೆಸಿ ತರುವ ಪೈಲಟ್, ಹಡಗುಗಳ ದುರಸ್ತಿ ನೋಡಿಕೊಳ್ಳುವ ಟೆಕ್ನಿಕಲ್ ಸೂಪರಿಂಟೆಂಡೆಂಟ್ ಇಂಥವು. ಪದವೀಧರರಿಗೆ ತೆರೆದಿರುವುದು ಬೇರೆ ಕೆಲಸಗಳು: ಹಡಗು ಬಾಡಿಗೆ ಕುದುರಿಸುವ ಚಾರ್ಟರಿಂಗ್, ಬಂದರಿಗೆ ಬಂದ ಹಡಗಿನ ಕೆಲಸಗಳನ್ನು ನೋಡಿಕೊಳ್ಳುವ ಏಜೆನ್ಸಿ, ಸರಕು ಸಾಗಣೆ, ಕಡಲ ವಿಮೆಯ ಕ್ಲೇಮು, ಟರ್ಮಿನಲ್ ಆಡಳಿತ, ಹಡಗು ಖರೀದಿಗೆ ಸಾಲ ಕೊಡುವ ಬ್ಯಾಂಕುಗಳ ಕೆಲಸ. ಬಹುಪಾಲು ಕಚೇರಿಯ ಕುರ್ಚಿಯಲ್ಲಿ, ಫೋನು ಮತ್ತು ಒಪ್ಪಂದಪತ್ರಗಳ ನಡುವೆ.

ಅದು ಇವನಿಗೆ ಹಿಡಿಸುತ್ತದೆಯೇ? ಕೇಳಿದರೆ "ಹೂಂ" ಅನ್ನುತ್ತಾನೆ. ಹಾಗಾಗಿ ಕೇಳುವ ಬದಲು ಮನೆಗೊಂದು ಲೆಕ್ಕ ಕೊಟ್ಟು ಕಳಿಸಿದೆ. ಜೊತೆಗೆ, ಒಂದು ಪ್ರಯಾಣಕ್ಕೆ ಹಡಗು ಬಾಡಿಗೆ ಹಿಡಿಯುವಾಗ ಬಳಸುವ ಜೆನ್‌ಕಾನ್ ಒಪ್ಪಂದದ ನಮೂನೆಯನ್ನು ಹುಡುಕಿ ಓದು ಎಂದೆ. ಹಡಗು ಉದ್ಯಮದ ಅಂತರರಾಷ್ಟ್ರೀಯ ಸಂಘವಾದ ಬಿಮ್ಕೋದ ಈ ನಮೂನೆ 1922ರದ್ದು. ತಿದ್ದುಪಡಿಯಾಗುತ್ತಾ 2022ರ ಆವೃತ್ತಿಯವರೆಗೆ ಬಂದಿದೆ. ಲೆಕ್ಕ ಇದು: ಧಾನ್ಯ ತುಂಬಲು ಬಾಡಿಗೆದಾರನಿಗೆ ಹವಾಮಾನ ಅನುಕೂಲವಿರುವ 4 ಕೆಲಸದ ದಿನಗಳ ಅವಕಾಶ ಇದೆ. ಅದು ಮೀರಿದರೆ ದಿನಕ್ಕೆ 20,000 ಡಾಲರ್ ಡೆಮರೇಜ್, ಅಂದರೆ ತಡ ಮಾಡಿದ್ದಕ್ಕೆ ಹಡಗಿನ ಮಾಲೀಕನಿಗೆ ಕೊಡುವ ಪರಿಹಾರ. ರಜೆಯ ದಿನಗಳಿಲ್ಲ ಎಂದಿಟ್ಟುಕೋ. 3ನೇ ದಿನ ಇಡೀ ಮಳೆ, 6ನೇ ದಿನವೂ ಇಡೀ ಮಳೆ. ತುಂಬಿ ಮುಗಿದದ್ದು 7ನೇ ದಿನದ ಕೊನೆಗೆ. ಬಾಡಿಗೆದಾರ ಕೊಡಬೇಕಾದದ್ದೆಷ್ಟು?

ಮುಂದಿನ ಭೇಟಿಗೆ ಬಂದವನು ಕೂರುವ ಮೊದಲೇ "20,000" ಎಂದ. ಎರಡು ಮಳೆ ದಿನಗಳನ್ನೂ ಕಳೆದಿದ್ದ. ನಾನು 40,000 ಎಂದೆ. 3ನೇ ದಿನವನ್ನು ಬಿಟ್ಟರೆ 5ನೇ ದಿನದ ಕೊನೆಗೆ 4 ದಿನಗಳ ಅವಕಾಶ ತೀರಿತು. ಒಮ್ಮೆ ಡೆಮರೇಜ್ ಶುರುವಾದರೆ, ಒಪ್ಪಂದದಲ್ಲಿ ಸ್ಪಷ್ಟವಾಗಿ ಬೇರೆ ರೀತಿ ಬರೆದಿಲ್ಲದಿದ್ದರೆ, ಮಳೆಯೂ ಎಣಿಕೆಗೆ ಬರುತ್ತದೆ. ಇಂಗ್ಲಿಷ್ ಕಾನೂನಿನ ಹಳೆಯ ನಿಯಮ ಅದು. "ಮಳೆ ಬಂದರೆ ಅವನ ತಪ್ಪಾ ಮೇಡಂ?" ಎಂದು ಜಗಳಕ್ಕೇ ನಿಂತ. ಸಮಯಕ್ಕೆ ಮುಗಿಸಿದ್ದರೆ 6ನೇ ದಿನದ ಮಳೆಗೆ ಹಡಗು ಅಲ್ಲಿ ಸಿಕ್ಕಿಕೊಳ್ಳುತ್ತಲೇ ಇರಲಿಲ್ಲವಲ್ಲ ಎಂದೆ. ಸ್ವಲ್ಪ ಯೋಚಿಸಿ, "ಹಾಗಾದ್ರೆ ಬಾಡಿಗೆದಾರನ ಪರ ಇರೋನು ಒಪ್ಪಂದಕ್ಕೆ ಮುಂಚೆನೇ ಅದನ್ನ ಬರೆಸ್ಕೋಬೇಕು" ಎಂದ. ಆಮೇಲೆ ಹಡಗು ತಲುಪಿದೆ ಎಂಬ ನೋಟಿಸು ರಾತ್ರಿ ಕೊಟ್ಟರೆ ಸಮಯ ಯಾವಾಗಿಂದ ಶುರು ಎಂದು ಅವನೇ ಕೇಳಿದ. ನನಗೆ ಬೇಕಾದ ಉತ್ತರ ಸಿಕ್ಕಿತ್ತು. ಈ ವ್ಯವಹಾರದ ಮೇಲೆ ಅವನಿಗೆ ನಿಜವಾಗಿ ಆಸಕ್ತಿ ಹುಟ್ಟಬಹುದು. ಬೇಸರಿಸಿಕೊಂಡಿದ್ದರೆ ಮೂರೂ ಕಾಲೇಜು ಬೇಡ ಎಂದು ಹೇಳುವವಳಿದ್ದೆ.

ಇನ್ನು ಕಾಲೇಜು. ಅಕಾಡೆಮಿಯನ್ನು ನಾನು ತಳ್ಳಿಹಾಕಲಿಲ್ಲ. ಅಲ್ಲಿಂದ ಹೊರಬಂದವರು ಶಿಪ್ಪಿಂಗ್ ಕಂಪನಿಗಳ ತುಂಬ ಇರುತ್ತಾರೆ, ಆ ಪರಿಚಯಗಳ ಬಲ ದೊಡ್ಡದು. ಸಮವಸ್ತ್ರದ ನಿಯಮವೂ ಎಲ್ಲ ಕಡೆ ಒಂದೇ ಅಲ್ಲ. ನ್ಯೂಯಾರ್ಕ್‌ನ ಸುನಿ ಮ್ಯಾರಿಟೈಮ್ ಕಾಲೇಜಿನಲ್ಲಿ ಕೆಡೆಟ್‌ಗಳ ಜೊತೆಗೆ ಸಾಮಾನ್ಯ ವಿದ್ಯಾರ್ಥಿಗಳೂ ಓದುತ್ತಾರೆ. ಇನ್ನೊಂದು ತುದಿಯಲ್ಲಿ ಕೋಪನ್‌ಹೇಗನ್ ಬಿಸಿನೆಸ್ ಸ್ಕೂಲಿನ ಅಂತರರಾಷ್ಟ್ರೀಯ ಶಿಪ್ಪಿಂಗ್ ಮತ್ತು ವ್ಯಾಪಾರದ ಪದವಿ ಇದೆ. ಅದು ಶುದ್ಧ ವಾಣಿಜ್ಯ ಶಾಲೆಯ ಕೋರ್ಸು, ಹಡಗಿಗೆ ಕಳಿಸುವ ಮಾತೇ ಇಲ್ಲ.

ಮೂರೂ ಕಡೆ ಫೋನು ಮಾಡಿ ಕೇಳು ಎಂದು ಹೇಳಿದ್ದರಲ್ಲಿ ನಾನು ಹೆಚ್ಚು ಒತ್ತಿ ಹೇಳಿದ್ದು ಒಂದನ್ನೇ: ಕಳೆದ ವರ್ಷದ ವಿದ್ಯಾರ್ಥಿಗಳು ಇಂಟರ್ನ್‌ಶಿಪ್ ಎಲ್ಲಿ ಮಾಡಿದರು, ಅದನ್ನು ಹೊಂದಿಸಿದವರು ಕಾಲೇಜಿನವರೋ ವಿದ್ಯಾರ್ಥಿಗಳೇ ಹುಡುಕಿಕೊಂಡರೋ? "ನಮ್ಮಲ್ಲಿ ಎಲ್ಲರಿಗೂ ಅವಕಾಶ ಇದೆ" ಎಂಬ ಉತ್ತರ ಬಂದರೆ ಅದನ್ನು ಉತ್ತರವೆಂದು ಬರೆದುಕೊಳ್ಳಬೇಡ. ಚಾರ್ಟರಿಂಗ್ ಮತ್ತು ಕಡಲ ಕಾನೂನು ಕಲಿಸುವವರು ಆ ಕೆಲಸ ಮಾಡಿದವರೇ ಎಂದೂ ಕೇಳು. ಲಂಡನ್ನಿನಲ್ಲಿ 1911ರಲ್ಲಿ ಶುರುವಾದ ಹಡಗು ದಲ್ಲಾಳಿಗಳ ವೃತ್ತಿಸಂಸ್ಥೆ ಇನ್‌ಸ್ಟಿಟ್ಯೂಟ್ ಆಫ್ ಚಾರ್ಟರ್ಡ್ ಶಿಪ್‌ಬ್ರೋಕರ್ಸ್‌ನ ವೃತ್ತಿ ಪರೀಕ್ಷೆಗಳಲ್ಲಿ ಈ ಪದವಿಗೆ ಯಾವುದಾದರೂ ಪತ್ರಿಕೆಯ ವಿನಾಯಿತಿ ಸಿಗುತ್ತದೆಯೇ, ಅದನ್ನೂ. ಕಟ್ಟಡ, ಹಾಸ್ಟೆಲ್, ಜಾಹೀರಾತಿನ ರ‍್ಯಾಂಕಿಂಗ್ ಬಗ್ಗೆ ನಾನೇನೂ ಹೇಳಲಿಲ್ಲ.

ತಂದೆ ಫೋನಿನಲ್ಲಿ ಮಾತಾಡಿದರು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎಂಬ ಲೆಕ್ಕ ಅವರದು. ಅದರಲ್ಲಿ ತಪ್ಪೇನಿಲ್ಲ, ಅವರ ಇನ್ನೊಂದು ಅನುಮಾನವಂತೂ ಪೂರ್ತಿ ಸರಿ: "ಶಿಪ್ಪಿಂಗ್ ಬಿದ್ದುಹೋದರೆ ಇವನು ಏನು ಮಾಡಬೇಕು?" ಈ ವ್ಯಾಪಾರ ಬೀಳುತ್ತದೆ, ಬಿದ್ದು ಏಳುತ್ತದೆ. ಧಾನ್ಯ, ಕಲ್ಲಿದ್ದಲು, ಅದಿರು ಹೊರುವ ಹಡಗುಗಳ ಬಾಡಿಗೆ ದರ ತೋರಿಸುವ ಬಾಲ್ಟಿಕ್ ಡ್ರೈ ಸೂಚ್ಯಂಕ 2008ರ ಮೇ ತಿಂಗಳಲ್ಲಿ 11,793ಕ್ಕೆ ಏರಿ, ಅದೇ ಡಿಸೆಂಬರಿನಲ್ಲಿ 663ಕ್ಕೆ ಕುಸಿಯಿತು. 2016ರ ಫೆಬ್ರುವರಿಯಲ್ಲಿ 290. ಅದೇ ವರ್ಷ ದಕ್ಷಿಣ ಕೊರಿಯಾದ ದೊಡ್ಡ ಕಂಟೇನರ್ ಕಂಪನಿ ಹಾಂಜಿನ್ ದಿವಾಳಿಯಾಗಿ, ಅದರ ಹಡಗುಗಳು ಬಂದರಿಗೆ ಪ್ರವೇಶ ಸಿಗದೆ ಹೊರಗೆ ನಿಂತವು. ಇವನು ಪದವಿ ಮುಗಿಸುವ ವರ್ಷ ಹೇಗಿರುತ್ತದೋ ಯಾರೂ ಹೇಳಲಾರರು. ಆದ್ದರಿಂದ ಅಂಕಿಅಂಶ, ಹಣಕಾಸು, ಲೆಕ್ಕಶಾಸ್ತ್ರ ಗಟ್ಟಿಯಾಗಿ ಕಲಿಸುವ ಪದವಿಯೇ ಇರಲಿ, ಕೆಟ್ಟ ವರ್ಷದಲ್ಲಿ ಬೇರೆ ಉದ್ಯಮಕ್ಕೂ ಹೋಗಬಹುದು ಎಂದೆ. ಆ ದೃಷ್ಟಿಯಿಂದ ಮೂರನೆಯ ಕಾಲೇಜು ಮಗ ಅಂದುಕೊಂಡಷ್ಟು ಕೆಟ್ಟದ್ದಲ್ಲ.

ಫೋನು ಮಾಡಿದ ಮೇಲೆ ಚಿತ್ರ ತಿಳಿಯಾಯಿತು. ಎರಡನೆಯ ಕಾಲೇಜು ಇಂಟರ್ನ್‌ಶಿಪ್ ಆದ ಕಂಪನಿಗಳ ಪಟ್ಟಿಯನ್ನೇ ಕಳಿಸಿತು. ಹೆಚ್ಚಿನವು ಬಂದರಿನ ಸುತ್ತಮುತ್ತಲೇ ಇದ್ದವು, ಸೆಮಿಸ್ಟರ್ ನಡುವೆಯೂ ಅರ್ಧ ದಿನ ಕೆಲಸಕ್ಕೆ ಹೋಗಬಹುದಿತ್ತು. ಅಕಾಡೆಮಿಯವರು ಬಿಸಿನೆಸ್ ವಿದ್ಯಾರ್ಥಿಗಳ ಬಗ್ಗೆ ಕೇಳಿದ್ದಕ್ಕೆ ಕೆಡೆಟ್‌ಗಳ ಬಗ್ಗೆಯೇ ಹೇಳಿದರು. ನನ್ನ ಸಲಹೆ ಎರಡನೆಯದು. ಶುಲ್ಕ ಹೊಂದದಿದ್ದರೆ ಮೂರನೆಯದು, ಆಗ ಪ್ರತಿ ಬೇಸಿಗೆ ರಜೆಯನ್ನೂ ಬಂದರಿರುವ ಊರೊಂದರ ಏಜೆನ್ಸಿ ಕಚೇರಿಯಲ್ಲಿ ಕಳೆಯುವ ಷರತ್ತಿನ ಮೇಲೆ. ಅಕಾಡೆಮಿಗೆ ಹೋಗಲೇಬೇಕೆಂದರೆ, ಬಿಸಿನೆಸ್ ವಿಭಾಗದ ಹಿರಿಯ ವಿದ್ಯಾರ್ಥಿ ಒಬ್ಬರ ಜೊತೆ ಮಾತಾಡಿ ಆಮೇಲೆ ಹಣ ಕಟ್ಟಿ ಎಂದೆ. ಆ ಮೆಡಿಕಲ್ ಪರೀಕ್ಷೆಯ ಬಗ್ಗೆ ಮನೆಯಲ್ಲಿ ಬಾಯಿಬಿಟ್ಟು ಮಾತಾಡಿ ಎಂದು ತಾಯಿಗೆ ಬೇರೆಯಾಗಿ ಹೇಳಿದೆ. ಅವನು ಸುಧಾರಿಸಿಕೊಂಡ ಎಂದು ಅವರು ಅಂದುಕೊಂಡದ್ದು ಬರೀ ಅವನ ಮೌನವನ್ನು ನೋಡಿ.

ಹುಡುಗ ಎರಡನೆಯದಕ್ಕೆ ಸೇರಿದ, ತಂದೆ ಶಿಕ್ಷಣ ಸಾಲ ತೆಗೆದರು. ಮೊದಲ ವರ್ಷದ ಕೊನೆಗೆ ಅವನದೊಂದು ಇಮೇಲ್ ಬಂತು: ಅಂಕಿಅಂಶ ಪತ್ರಿಕೆಯಲ್ಲಿ ಫೇಲಾಗಿದ್ದೇನೆ, ಮತ್ತೆ ಬರೆಯಬೇಕು, ಏಜೆನ್ಸಿಯೊಂದರಲ್ಲಿ ರಜೆಯ ಕೆಲಸ ಸಿಕ್ಕಿದೆ, ಎರಡೂ ಒಂದೇ ತಿಂಗಳು ಬರುತ್ತೆ, ಯಾವುದನ್ನ ಬಿಡಲಿ? ಪರೀಕ್ಷೆ ಬಿಡಬೇಡ, ಕೆಲಸಕ್ಕೆ ಎರಡು ವಾರ ತಡವಾಗಿ ಬರುತ್ತೇನೆಂದು ಏಜೆನ್ಸಿಯವರನ್ನೇ ಕೇಳಿ ನೋಡು ಎಂದು ಬರೆದೆ. ಒಪ್ಪಿದರಂತೆ.