ಕರ್ನಲ್ ಅಪ್‌ಗ್ರೇಡ್ ಆದ ಮೇಲೆ ನನ್ನ ಸಿಸ್ಟಂ ಕಾಲ್ ಟ್ರೇಸರ್ ಫೈಲ್ ಹೆಸರಿನ ಬದಲು ಕಸ ತೋರಿಸುತ್ತಿದೆ, ಯಾಕೆ?

ಸಿಸ್ಟಂ ಕಾಲ್ ಅಂದರೆ ಪ್ರೋಗ್ರಾಂ ಕರ್ನಲ್ ಬಳಿ ಕೆಲಸ ಕೇಳುವ ಕರೆ, ಟ್ರೇಸರ್ ಅಂದರೆ ಅದನ್ನು ದಾಖಲಿಸುವ ಸಾಧನ. ನೀವು ಬರೆದಿದ್ದು ಇಷ್ಟು: ಲಿನಕ್ಸ್ 4.15ರಲ್ಲಿ ಫೈಲ್ ತೆರೆಯುವ ಕರ್ನಲ್ ಫಂಕ್ಷನ್ ಸಿಸ್_ಓಪನ್ ಮೇಲೆ ಕೆಪ್ರೋಬ್ (ಆ ಫಂಕ್ಷನ್ ಓಡುವಾಗ ನಮ್ಮ ಕೋಡನ್ನು ಓಡಿಸುವ ಕೊಕ್ಕೆ) ಹಾಕಿದ್ದಿರಿ, ಚೆನ್ನಾಗಿ ಓಡುತ್ತಿತ್ತು. 5.4ಕ್ಕೆ ಬಂದಾಗ ಆ ಹೆಸರೇ ಸಿಗಲಿಲ್ಲ. __ಎಕ್ಸ್64_ಸಿಸ್_ಓಪನ್ ಅಂತ ಬದಲಾಯಿಸಿದಿರಿ, ಅಟ್ಯಾಚ್ ಆಯ್ತು. ಆದರೆ ಬರುವುದೆಲ್ಲ ಕಸ, ಅದೂ ಅಪರೂಪಕ್ಕೆ ಒಂದೊಂದು ಸಾಲು.

ನಾನೂ ಇದೇ ಜಾಗದಲ್ಲಿ ಎರಡು ದಿನ ಒದ್ದಾಡಿದ್ದೇನೆ. ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಟ್ಟಿಗೆ ಬಂದಿವೆ.

ಮೊದಲು ಕಸದ ವಿಷಯ. 2018ರಲ್ಲಿ ಬಂದ 4.17ರಿಂದ ಎಕ್ಸ್86-64ನಲ್ಲಿ ಸಿಸ್ಟಂ ಕಾಲ್ ಫಂಕ್ಷನ್‌ಗಳಿಗೆ ಆರ್ಗ್ಯುಮೆಂಟ್‌ಗಳು ಬಿಡಿಬಿಡಿಯಾಗಿ ಬರುವುದಿಲ್ಲ. ಬರುವುದು ಒಂದೇ ಒಂದು: ರಿಜಿಸ್ಟರ್‌ಗಳ ಬೆಲೆಗಳನ್ನು ಇಟ್ಟಿರುವ ಪಿಟಿ_ರೆಗ್ಸ್ ಸ್ಟ್ರಕ್ಟ್‌ನ ಪಾಯಿಂಟರ್. ಹಿಂದೆ ಡಿಐ ರಿಜಿಸ್ಟರ್‌ನಲ್ಲಿ ಫೈಲ್ ಹೆಸರಿನ ವಿಳಾಸ ಇರುತ್ತಿತ್ತು. ಈಗ ಅದೇ ಡಿಐನಲ್ಲಿ ಆ ಸ್ಟ್ರಕ್ಟ್‌ನ ವಿಳಾಸ ಇದೆ. ನಿಮ್ಮ ಕೋಡ್ ಅದನ್ನೇ ಸ್ಟ್ರಿಂಗ್ ಅಂದುಕೊಂಡು ಓದುತ್ತಿದೆ. ಮೊದಲು ಸ್ಟ್ರಕ್ಟ್ ಓದಿ, ಅದರೊಳಗಿನ ಡಿಐ ತೆಗೆದುಕೊಂಡು, ಆಮೇಲೆ ಸ್ಟ್ರಿಂಗ್ ಓದಬೇಕು.

ಸಾಲು ಕಡಿಮೆ ಬರುವುದಕ್ಕೆ ಕರ್ನಲ್ ಕಾರಣವೇ ಅಲ್ಲ. ಜಿಲಿಬ್‌ಸಿ (ಪ್ರೋಗ್ರಾಂಗಳು ಬಳಸುವ ಸಿ ಲೈಬ್ರರಿ) 2.26ರಿಂದ ಓಪನ್ ಅಂತ ಕರೆದರೂ ಒಳಗೆ ಹೋಗುವುದು ಓಪನ್‌ಎಟ್ ಎಂಬ ಬೇರೆ ಸಿಸ್ಟಂ ಕಾಲ್, ಹಾಗಾಗಿ ಓಪನ್ ಮೇಲಿನ ನಿಮ್ಮ ಪ್ರೋಬ್‌ಗೆ ಅದು ಸಿಗುವುದಿಲ್ಲ. ಅಪ್‌ಗ್ರೇಡ್‌ನಲ್ಲಿ ಲೈಬ್ರರಿಯೂ ಹೊಸದಾಗಿರಬೇಕು, ನೋಡಿ. ಓಪನ್‌ಎಟ್‌ನಲ್ಲಿ ಫೈಲ್ ಹೆಸರು ಎರಡನೇ ಆರ್ಗ್ಯುಮೆಂಟ್, ಅಂದರೆ ಎಸ್‌ಐ.

ಆದರೆ ದಯವಿಟ್ಟು ಇಷ್ಟು ತೇಪೆ ಹಾಕಿ ಸುಮ್ನೆ ಬಿಡಬೇಡಿ. ಒಳಗಿನ ಫಂಕ್ಷನ್ ಹೆಸರು ಕರ್ನಲ್‌ನವರ ಮನೆಯೊಳಗಿನ ವಿಷಯ, ಯಾವಾಗ ಬೇಕಾದರೂ ಬದಲಾಯಿಸುತ್ತಾರೆ. ಯೂಸರ್ ಪ್ರೋಗ್ರಾಂಗಳು ನಂಬಿರುವ ಸಿಸ್ಟಂ ಕಾಲ್ ನಂಬರ್ ಮತ್ತು ಆರ್ಗ್ಯುಮೆಂಟ್ ಕ್ರಮವನ್ನು ಮುರಿಯುವುದಿಲ್ಲ. ಹಾಗಾಗಿ ಸಿಸ್_ಎಂಟರ್_ಓಪನ್‌ಎಟ್ ಟ್ರೇಸ್‌ಪಾಯಿಂಟ್‌ಗೆ (ಟ್ರೇಸ್ ಮಾಡಲೆಂದೇ ಕರ್ನಲ್‌ನಲ್ಲಿ ಇಟ್ಟಿರುವ ಜಾಗ) ಹೋಗಿ. ಟ್ರೇಸ್‌ಎಫ್‌ಎಸ್‌ನಲ್ಲಿ (ಟ್ರೇಸಿಂಗ್ ವಿವರಗಳಿರುವ ವಿಶೇಷ ಫೈಲ್ ಸಿಸ್ಟಂ) ಅದರ ಫಾರ್ಮ್ಯಾಟ್ ಫೈಲ್ ತೆರೆದರೆ ಯಾವ ಫೀಲ್ಡ್ ಎಲ್ಲಿದೆ ಅಂತ ಕರ್ನಲ್ಲೇ ಹೇಳುತ್ತದೆ. ಆಫ್‌ಸೆಟ್‌ಗಳನ್ನು ಅಲ್ಲಿಂದಲೇ ಓದಿಕೊಳ್ಳಿ, ಕೋಡ್‌ನಲ್ಲಿ ಬರೆದಿಡಬೇಡಿ. ಒಂದು ಸಣ್ಣ ಮಾತು: ಬಿಪಿಎಫ್‌ನಿಂದ (ಕರ್ನಲ್ ಒಳಗೇ ಓಡುವ ಸಣ್ಣ ಪ್ರೋಗ್ರಾಂ) ಓದುವುದಾದರೆ, ಒಳಗೆ ಹೋಗುವಾಗ ಆ ಸ್ಟ್ರಿಂಗ್ ಇರುವ ಪೇಜ್ ಮೆಮೊರಿಗೆ ಇನ್ನೂ ಬಂದಿಲ್ಲದಿದ್ದರೆ ಹೆಸರು ಖಾಲಿ ಬರುತ್ತದೆ. ವಿಳಾಸವನ್ನು ಇಟ್ಟುಕೊಂಡು ಸಿಸ್_ಎಕ್ಸಿಟ್‌ನಲ್ಲಿ ಓದಿದರೆ ಸಾಮಾನ್ಯವಾಗಿ ಸಿಗುತ್ತದೆ.

ಗೊತ್ತಿಲ್ಲದ ಸಿಸ್ಟಂ ಕಾಲ್ ನಂಬರ್ ಬಂದರೆ ಎಸೆಯಬೇಡಿ. ಹಳೆಯ ಎಸ್‌ಟ್ರೇಸ್ ಎಂಬ ಟ್ರೇಸರ್ ಅನ್ನು ಹೊಸ ಕರ್ನಲ್ ಮೇಲೆ ಓಡಿಸಿದರೆ ಸಿಸ್‌ಕಾಲ್_0ಎಕ್ಸ್1ಬಿ7 ಅಂತ ಸಾಲು ಕಾಣುತ್ತದೆ. ಅದು ದಶಮಾಂಶದಲ್ಲಿ 439, 5.8ರಲ್ಲಿ ಬಂದ ಎಫ್‌ಆಕ್ಸೆಸ್‌ಎಟ್2. ಹೆಸರು ಗೊತ್ತಿಲ್ಲದಿದ್ದರೂ ಕಾಲ್ ಆಗಿದ್ದು ದಾಖಲಾಯ್ತಲ್ವಾ, ಅದು ಮುಖ್ಯ. ನಂಬರ್ ಜೊತೆ ಆರ್ಕಿಟೆಕ್ಚರನ್ನೂ ಬರೆದಿಡಿ: 5 ಅಂದರೆ 64-ಬಿಟ್‌ನಲ್ಲಿ ಎಫ್‌ಸ್ಟ್ಯಾಟ್, 32-ಬಿಟ್ ಎಕ್ಸ್86ನಲ್ಲಿ ಓಪನ್. ಪಿಟ್ರೇಸ್ (ಒಂದು ಪ್ರೋಗ್ರಾಂ ಇನ್ನೊಂದನ್ನು ಗಮನಿಸುವ ಸೌಲಭ್ಯ) ಬಳಸುವವರಿಗೆ 5.3ರಿಂದ ಪಿಟ್ರೇಸ್_ಗೆಟ್_ಸಿಸ್‌ಕಾಲ್_ಇನ್ಫೋ ಇದನ್ನೆಲ್ಲ ಒಂದೇ ಸಲಕ್ಕೆ ಕೊಡುತ್ತದೆ.

ಇನ್ನು 5.6ಕ್ಕೋ ಅದಕ್ಕಿಂತ ಮುಂದಕ್ಕೋ ಹೋಗುವಾಗ ಐಒ_ಯೂರಿಂಗ್ (ಕೆಲಸಗಳನ್ನು ಸರದಿಯಲ್ಲಿಟ್ಟು ಕರ್ನಲ್‌ಗೆ ಒಪ್ಪಿಸುವ ವ್ಯವಸ್ಥೆ) ಮರೆಯಬೇಡಿ. ಅಲ್ಲಿ ಫೈಲನ್ನು ಓಪನ್‌ಎಟ್ ಕರೆಯದೆಯೇ ತೆರೆಯಬಹುದು. ನಿಮ್ಮ ಟ್ರೇಸ್‌ಪಾಯಿಂಟ್ ಎಷ್ಟೇ ಸರಿಯಾಗಿದ್ದರೂ ಆ ಸಾಲು ಬರುವುದಿಲ್ಲ, ಅದಕ್ಕೆ ಐಒ_ಯೂರಿಂಗ್‌ನದೇ ಟ್ರೇಸ್‌ಪಾಯಿಂಟ್‌ಗಳನ್ನು ಬೇರೆಯಾಗಿ ಹಿಡಿಯಬೇಕು.